ಹದಿನಾಲ್ಕನೆಯ ದಿನದವರೆಗೆ

ತುಮಕೂರಿನಿಂದ ಇಲ್ಲಿಯ ಕಾಲೇಜಿಗೆ ಬಂದು ರಾಷ್ಟ್ರೀಯ ಸೇವಾ ಯೋಜನೆಯ ಹೊಣೆ ಹೊತ್ತಿರುವ ನೀವು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಮಂಗಳೂರಿನಿಂದ ದೇರಳಕಟ್ಟೆಯ ಬಸ್ಸು ಹತ್ತಿದರೆ ಸಾಲು ಸಾಲಾಗಿ ವೈದ್ಯಕೀಯ ಕಾಲೇಜುಗಳು. ಉತ್ತರಕ್ಕೆ ಹೋದರೆ 1953ರಲ್ಲಿ ಆರಂಭವಾದ ಮಣಿಪಾಲದ ಕಾಲೇಜು. ನಗರದ ನಡುವೆಯೇ ವೆನ್ಲಾಕ್, ಲೇಡಿಗೋಶನ್ ಸರ್ಕಾರಿ ಆಸ್ಪತ್ರೆಗಳು. ಇಷ್ಟೆಲ್ಲ ಇರುವ ಊರಿನಲ್ಲಿ ಹದಿನೆಂಟರ ಹುಡುಗ ಹುಡುಗಿಯರನ್ನು ಆರೋಗ್ಯ ಸ್ವಯಂಸೇವಕರನ್ನಾಗಿ ತಯಾರು ಮಾಡುವ ಅಗತ್ಯವೇನು?

ನನ್ನ ಮನೆ ಕೇರಳದ ಕಡೆಯ ತಲಪಾಡಿ ಗಡಿಗೆ ಹತ್ತಿರ. ಇಂಥ ತರಬೇತಿಗಳಲ್ಲಿ ಪಾಠ ಹೇಳುತ್ತಾ ಹಲವು ವರ್ಷಗಳಾದವು. ನನ್ನ ಉತ್ತರ ಇಷ್ಟೇ: ಆಸ್ಪತ್ರೆ ಮಾತ್ರೆ ಕೊಡಬಲ್ಲದು, ಅದನ್ನು 14 ದಿನ ನುಂಗಿಸುವುದು ಅದರ ಕೈಯಲ್ಲಿಲ್ಲ.

ಮಲೇರಿಯಾದ ಮಾತು ಹೇಳುತ್ತಿದ್ದೇನೆ. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಎಷ್ಟೋ ವರ್ಷ ಮಂಗಳೂರಿನದೇ ಆಗಿತ್ತು. ಈಗ ಬಹಳ ಇಳಿದಿದೆ, ಆದರೆ ಇಳಿದದ್ದು ತಾನಾಗಿ ಅಲ್ಲ. ಇಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆ. ಅದರ ಪರಾವಲಂಬಿ ರಕ್ತದಲ್ಲಷ್ಟೇ ಇರುವುದಿಲ್ಲ, ಯಕೃತ್ತಿನೊಳಗೂ ಹೋಗಿ ಮಲಗುತ್ತದೆ. ಕ್ಲೋರೋಕ್ವಿನ್ 3 ದಿನ ಕೊಟ್ಟಾಗ ರಕ್ತದಲ್ಲಿರುವುದು ಸಾಯುತ್ತದೆ, ಜ್ವರ ಬಿಡುತ್ತದೆ. ಯಕೃತ್ತಿನಲ್ಲಿ ಮಲಗಿರುವುದನ್ನು ಕೊಲ್ಲಲು ಪ್ರೈಮಾಕ್ವಿನ್ ಅನ್ನು 14 ದಿನ ತೆಗೆದುಕೊಳ್ಳಬೇಕು. ಜ್ವರ ಬಿಟ್ಟ ಮೇಲೆ ಮಾತ್ರೆಯನ್ನು ಯಾರು ನೆನಪಿಡುತ್ತಾರೆ? ನಾಲ್ಕನೆಯ ದಿನಕ್ಕೆ ಗಾರೆ ಕೆಲಸದವನು ಕೆಲಸಕ್ಕೆ ಹೋಗುತ್ತಾನೆ, ಮಾತ್ರೆಯ ಪೊಟ್ಟಣ ಗೋಡೆಯ ಮೊಳೆಯಲ್ಲಿ ನೇತಾಡುತ್ತದೆ. ವಾರಗಳೋ ತಿಂಗಳುಗಳೋ ಕಳೆದು ಜ್ವರ ಮರಳುತ್ತದೆ. ಅಷ್ಟರಲ್ಲಿ ಅವನನ್ನು ಕಚ್ಚಿದ ಸೊಳ್ಳೆ ಪಕ್ಕದ ಶೆಡ್ಡಿಗೂ ರೋಗ ಒಯ್ದಿರುತ್ತದೆ.

ಈ ಪ್ರೈಮಾಕ್ವಿನ್ ಗರ್ಭಿಣಿಯರಿಗೆ ಸಲ್ಲದು, ಒಂದು ವರ್ಷದೊಳಗಿನ ಕೂಸುಗಳಿಗೂ ಸಲ್ಲದು, ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಅಪಾಯ. ಆದ್ದರಿಂದ ಸ್ವಯಂಸೇವಕರಿಗೆ ನಾವು ಕಲಿಸುವ ಮೊದಲ ಪಾಠವೇ ತಾವು ಏನು ಮಾಡಬಾರದು ಎಂಬುದು. ಮಾತ್ರೆ ಹಂಚಬಾರದು, ಪ್ರಮಾಣ ಹೇಳಬಾರದು. ವೈದ್ಯರು ಕೊಟ್ಟದ್ದನ್ನು ನುಂಗಿದರೇ ಎಂದು ಕೇಳಬೇಕು. ಮೂತ್ರ ಕಪ್ಪಾದರೆ, ಸುಸ್ತು ಹೆಚ್ಚಿದರೆ ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. 2005ರಲ್ಲಿ ಬಂದ ಆಶಾ ವ್ಯವಸ್ಥೆಯಲ್ಲಿ ಹಳ್ಳಿಯ ಸಾವಿರ ಜನರಿಗೆ ಒಬ್ಬ ಕಾರ್ಯಕರ್ತೆ ಎಂಬ ಲೆಕ್ಕವಿದೆ. ಬಾಣಂತಿ, ಲಸಿಕೆ, ಕ್ಷಯ, ಸಮೀಕ್ಷೆ ಎಲ್ಲವೂ ಅವಳ ತಲೆಯ ಮೇಲೆ. ನಿಮ್ಮ ವಿದ್ಯಾರ್ಥಿಗಳು ಅವಳ ಜಾಗಕ್ಕೆ ಬರುವವರಲ್ಲ, ಅವಳ ಜೊತೆಗೆ ನಡೆಯುವವರು. ಅವಳ ಗೌರವಧನದ ಕೆಲಸವನ್ನು ಪುಕ್ಕಟೆ ಹುಡುಗರಿಂದ ಮಾಡಿಸುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಒಪ್ಪಬೇಡಿ.

ಇನ್ನು ಭಾಷೆ. ಹೊರಗಿನಿಂದ ಬಂದವರು ಎಡವುವುದು ಇಲ್ಲಿಯೇ. ನಿಮ್ಮ ಕರಪತ್ರ ಕನ್ನಡದಲ್ಲಿದೆ, ಚೆನ್ನಾಗಿದೆ. ಶಾಲೆಗೆ ಹೋದ ಎಲ್ಲರೂ ಅದನ್ನು ಓದುತ್ತಾರೆ. ಆದರೆ ಇಲ್ಲಿ ಕನ್ನಡವೆಂದರೆ ಅನೇಕರಿಗೆ ಶಾಲೆಯ, ಕಚೇರಿಯ, ಪತ್ರಿಕೆಯ ಭಾಷೆ. ಕಾಯಿಲೆ ಮಾತನಾಡುವುದು ಮನೆಯ ಭಾಷೆಯನ್ನು. ತುಳು ಮನೆಯಲ್ಲಿ ಜ್ವರಕ್ಕೆ ಜರ ಎನ್ನುತ್ತಾರೆ, ಕೊಂಕಣಿಯಲ್ಲಿ ತಾಪ್, ಬ್ಯಾರಿ ಮತ್ತು ಮಲಯಾಳದಲ್ಲಿ ಪನಿ. ಅದೇ ಪನಿ ತುಳುವಿನಲ್ಲಿ ತುಂತುರು ಮಳೆ. ಕಟ್ಟಡದ ಕೆಲಸಕ್ಕೆ ಬಂದಿರುವ ಬಾಗಲಕೋಟೆ, ವಿಜಯಪುರ ಕಡೆಯವರು ಕನ್ನಡದವರೇ, ಅಲ್ಲಿ ಸಲೀಸು ಎಂದುಕೊಂಡಿದ್ದೆವು. ಒಮ್ಮೆ ಶೆಡ್ಡಿನಲ್ಲಿದ್ದ ತಾಯಿ, ಮಗುವಿಗೆ 'ಉರಿ ಬಂದಿದೆ' ಎಂದರು. ನಮ್ಮ ಹುಡುಗಿ 'ಎಲ್ಲಿ ಉರಿ ಅಕ್ಕ, ಹೊಟ್ಟೆಯಲ್ಲಿಯೇ?' ಎಂದು ಕೇಳಿ ಹಾಗೆಯೇ ಬರೆದುಕೊಂಡಳು. ಆಕೆ ಹೇಳಿದ್ದು ಜ್ವರವನ್ನು. ಮರುದಿನ ಆಶಾ ಕಾರ್ಯಕರ್ತೆ ಹೋಗಿ ಮಗುವಿನ ಹಣೆ ಮುಟ್ಟಿದ ಮೇಲೆ ಗೊತ್ತಾಯಿತು. ಒಂದು ದಿನ ಹಾಳಾಯಿತು. ಜ್ವರದ ವಿಷಯದಲ್ಲಿ ಒಂದು ದಿನ ಸಣ್ಣದಲ್ಲ. ಅಂದಿನಿಂದ ನಾನು ಸ್ವಯಂಸೇವಕರನ್ನು ಮನೆಮಾತು ನೋಡಿ ಜೋಡಿ ಮಾಡುತ್ತೇನೆ.

ಮಾತ್ರೆಯ ಹೊತ್ತನ್ನೂ ಮನೆಯೇ ಗೊತ್ತುಮಾಡಬೇಕು. 'ರಾತ್ರಿ 8 ಗಂಟೆಗೆ' ಎಂದರೆ ಯಾರಿಗೂ ನೆನಪಿರುವುದಿಲ್ಲ. ಕ್ರೈಸ್ತರ ಮನೆಯಲ್ಲಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದು ಊಟವಾದ ಮೇಲೆ, ಬ್ಯಾರಿಗಳ ಮನೆಯಲ್ಲಿ ಇಶಾ ನಮಾಜು ಮುಗಿದು ಊಟವಾದ ಮೇಲೆ, ದೇವರ ದೀಪ ಹಚ್ಚುವ ಮನೆಯಲ್ಲಿ ದೀಪದ ನಂತರದ ಊಟದ ಮೇಲೆ. ಹೇಗೂ ಅದನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳುವುದಲ್ಲ. ಹೆಂಗಸರನ್ನು ಒಟ್ಟಿಗೆ ಕಾಣಬೇಕಾದರೆ ಸಭಾಭವನ ಹುಡುಕಬೇಡಿ, ಬೀಡಿ ಬ್ರಾಂಚಿಗೆ ಹೋಗಿ. ಕಟ್ಟಿದ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತೆಗೆದುಕೊಂಡು ಹೋಗಲು ಎಲ್ಲ ಜಾತಿ ಧರ್ಮದವರೂ ಅಲ್ಲಿ ಸರದಿಯಲ್ಲಿ ಕಾಯುತ್ತಾರೆ. ದಿನವಿಡೀ ಹೊಗೆಸೊಪ್ಪಿನ ಧೂಳು ಕುಡಿಯುವ ಅವರ ಕೆಮ್ಮನ್ನೂ ಅಲ್ಲಿಯೇ ಕೇಳಿಸಿಕೊಳ್ಳಬಹುದು.

ಮುನ್ನೆಚ್ಚರಿಕೆಯ ಔಷಧ ಎಂಬುದು ಈ ಊರಿಗೆ ಹೊಸದಲ್ಲ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು ಪಾಲೆ ಮರದ ಕೆತ್ತೆಯನ್ನು (ತೊಗಟೆಯನ್ನು) ಕಲ್ಲಿನಿಂದ ಜಜ್ಜಿ ತೆಗೆದು, ಕಷಾಯ ಮಾಡಿ ಇಡೀ ಮನೆ ಕುಡಿಯುತ್ತದೆ. ಆ ಕಹಿ ನಾಲಗೆಯಿಂದ ಹೋಗುವುದಿಲ್ಲ. ಮೇಲಿಂದ ಮೆಂತೆ ಗಂಜಿ ಉಣ್ಣುತ್ತೇವೆ. ನಾನು ತರಬೇತಿಯನ್ನು ಆರಂಭಿಸುವುದು ಇಲ್ಲಿಂದಲೇ. ಕಾಯಿಲೆ ಬರುವ ಮೊದಲೇ, ಮೈ ಚೆನ್ನಾಗಿರುವಾಗಲೇ ಕಹಿ ಕುಡಿಯಬೇಕೆಂದು ಒಪ್ಪಿಕೊಂಡ ಜನ ನಾವು. ಆದರೆ ಆ ಕಹಿ ವರ್ಷಕ್ಕೆ ಒಂದೇ ಬೆಳಗ್ಗೆ, ಅದೂ ಎಲ್ಲರೂ ಸೇರಿ. ಹದಿನಾಲ್ಕು ದಿನ ಒಬ್ಬನೇ ಕುಳಿತು ನುಂಗುವುದು ಬೇರೆಯೇ ಕಷ್ಟ. ಅದಕ್ಕೇ ದಿನಕ್ಕೊಬ್ಬರು ಬಾಗಿಲಲ್ಲಿ ನಿಂತು 'ಎಂಚ ಉಲ್ಲರ್' (ಹೇಗಿದ್ದೀರಿ) ಎಂದು ಕೇಳುವವರು ಬೇಕು. (ಪಾಲೆಯೆಂದು ಕತ್ತಲಲ್ಲಿ ಕಾಸರಕ ಎಂಬ ವಿಷದ ಮರದ ಕೆತ್ತೆ ತಂದರೆ ಜೀವಕ್ಕೇ ಅಪಾಯ. ಮರ ಗುರುತಿಲ್ಲದವರು ಹೋಗಲೇಬಾರದು ಎಂದೂ ಹೇಳಿಬಿಡುತ್ತೇನೆ.)

ಯುವಕರಿಗೆ ಭಾಷಣ ಬೇಡ, ನೀರು ತೋರಿಸಿ. ಬಿಳಿ ಮಗ್ಗಿನಲ್ಲಿ ತಾರಸಿಯ ಟ್ಯಾಂಕಿನಿಂದಲೋ, ಸ್ಲ್ಯಾಬ್ ಗಟ್ಟಿಯಾಗಲೆಂದು ಕಟ್ಟೆ ಕಟ್ಟಿ ನಿಲ್ಲಿಸಿದ ನೀರಿನಿಂದಲೋ ಮೊಗೆದು ಸ್ವಲ್ಪ ಹೊತ್ತು ಅಲುಗಾಡದಂತೆ ಹಿಡಿಯಲಿ. ಸೊಳ್ಳೆಯ ಮರಿ ನೀರಿನ ಮೇಲ್ಮೈಗೆ ಸಮನಾಗಿ ಚಪ್ಪಟೆ ಮಲಗಿದ್ದರೆ ಅದು ಅನಾಫಿಲಿಸ್, ಮಲೇರಿಯಾದ್ದು. ತಲೆಕೆಳಗಾಗಿ ಓರೆಯಾಗಿ ಜೋತುಬಿದ್ದಿದ್ದರೆ ಬೇರೆ ಜಾತಿ. ಡೆಂಗಿಯ ಈಡಿಸ್ ಕೂಡ ಹಾಗೆಯೇ ಜೋತಾಡುತ್ತದೆ. ಒಮ್ಮೆ ಕಣ್ಣಾರೆ ಕಂಡ ಹುಡುಗ ಮತ್ತೆ ತನ್ನ ಮನೆಯ ಟ್ಯಾಂಕಿನ ಮುಚ್ಚಳ ತೆರೆದಿಡುವುದಿಲ್ಲ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆಯ ಮಕ್ಕಳಾದರೆ ತೋಟಕ್ಕೆ ಕರೆದೊಯ್ಯಿರಿ: ಉದುರಿದ ಅಡಿಕೆ ಹಾಳೆಯ ಮಡಿಕೆ, ರಬ್ಬರ್ ಹಾಲಿಗೆ ಕಟ್ಟಿದ ಚಿಪ್ಪು, ಮಳೆ ಬಂದರೆ ಎಲ್ಲದರಲ್ಲೂ ನೀರು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ಚೆಲ್ಲಿದರೆ ಹಾರುವ ಮೊದಲೇ ಮುಗಿಯಿತು. ಲೆಕ್ಕ ತಿಳಿದ ಮೇಲೆ ಭಾನುವಾರದ ಕೆಲಸಕ್ಕೆ ಯಾರೂ ಹೇಳಿಕಳಿಸಬೇಕಾಗಿಲ್ಲ.

ಗಡಿಯ ತೊಡಕನ್ನು ಕೊನೆಗೆ ಇಟ್ಟುಕೊಂಡೆ, ಅದು ನನಗೆ ನೋವಿನ ವಿಷಯ. ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಕಾಯಿಲೆ ಬಂದರೆ ಮಂಗಳೂರೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಆದರೆ ಆಸ್ಪತ್ರೆಯ ದಾರಿ ಬದಲಾಗಲಿಲ್ಲ. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಆ ದಾರಿ ಮುಚ್ಚಿತು. ಆಂಬುಲೆನ್ಸುಗಳು ತಲಪಾಡಿಯಿಂದ ಹಿಂದಿರುಗಿದವು, ಆಸ್ಪತ್ರೆ ತಲುಪಲಾಗದೆ ಜನ ತೀರಿಕೊಂಡರು. ದಾರಿ ತೆರೆದಿರುವ ಇಂದಿಗೂ ಒಂದು ಬಿರುಕು ಉಳಿದಿದೆ. ರಕ್ತ ಪರೀಕ್ಷೆ ಮಂಗಳೂರಿನಲ್ಲಿ, ಮಾತ್ರೆ ಮಂಗಳೂರಿನಲ್ಲಿ, ರೋಗಿಯ ಮನೆ ಮಾತ್ರ ಕೇರಳದಲ್ಲಿ. ಆ 14 ದಿನ ವಿಚಾರಿಸುವವರು ಯಾರು? ಅಲ್ಲಿಯ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಬೇಕು. ಅವಳ ಕೈಯಲ್ಲಿರುವ ಕರಪತ್ರ ಮಲಯಾಳದ್ದಾದರೆ, ಕನ್ನಡ ಮಾತ್ರ ಓದಬಲ್ಲ ಅಲ್ಲಿಯ ಅಜ್ಜಿಗೆ ಅದನ್ನು ಯಾರಾದರೂ ಓದಿ ಹೇಳಬೇಕು.

ನಿಮ್ಮ ಕಾಲೇಜಿಗೆ ದಿನವೂ ಗಡಿ ದಾಟಿ ಬರುವ ಮಕ್ಕಳಿದ್ದಾರೆ. ಬೆಳಗ್ಗೆ ಈ ಕಡೆಯ ತರಗತಿಯಲ್ಲಿ, ಸಂಜೆ ಆ ಕಡೆಯ ಅಂಗಳದಲ್ಲಿ. ಅವರಿಗಿಂತ ಒಳ್ಳೆಯ ಸ್ವಯಂಸೇವಕರು ನನಗೆ ಸಿಗಲಾರರು. ತರಬೇತಿಗೆ ಬರುವಾಗ ಕಂಪ್ಯೂಟರು, ಪರದೆ ಏನೂ ಬೇಡ. ಪ್ರತಿಯೊಬ್ಬರ ಮನೆಮಾತು ಯಾವುದು, ಮನೆ ಗಡಿಯ ಯಾವ ಕಡೆ ಎಂಬ ಪಟ್ಟಿಯೊಂದನ್ನು ಬರೆದು ತನ್ನಿ. ಜೊತೆಗೆ ಒಂದು ಟಾರ್ಚು, ಒಂದು ಬಿಳಿ ಮಗ್ಗು. ಜೋಡಿ ಮಾಡುವ ಕೆಲಸವನ್ನು ನಾವಿಬ್ಬರೂ ಕುಳಿತು ಮಾಡೋಣ.