ಮೇ ಕೊನೆಯಲ್ಲಿ ಕುಂದಾಪುರದ ಕಡೆ ಗಾಳ ಹಾಕುವುದಾದರೆ ಹೊಳೆಗೋ, ಕಡಲಿಗೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೇ ಕೊನೆಯ ವಾರ ಬೆಂಗಳೂರಿನಿಂದ ಗೆಳೆಯರ ಜೊತೆ ಕುಂದಾಪುರಕ್ಕೆ ಬರುತ್ತಿದ್ದೀರಿ. ಕೆರೆಯಲ್ಲಿ ಗಾಳ ಹಾಕಿ ಅಭ್ಯಾಸ ಇದೆ, ಕಡಲು ಹೊಸದು. ಎಲ್ಲಿ ಹಾಕಬೇಕು, ಏನು ಸಿಗುತ್ತದೆ, ವಾಪಸ್ ಹೋಗುವಾಗ ಘಟ್ಟದ ಮೇಲಿನ ಹೊಳೆಯಲ್ಲೂ ಒಂದು ಕೈ ನೋಡಬಹುದಾ ಅಂತ ಕೇಳಿದ್ದೀರಿ. ನಾನು ಇದೇ ಕಡೆಯವನು. ಮೀನು ಹಿಡಿಯುವುದು ನನ್ನ ಕಸುಬಲ್ಲ, ಚಟ. ಹಾಗಾಗಿ ಬೋಟಿನವರ ಲೆಕ್ಕ ಬೇರೆ ಇರಬಹುದು. ದಡದಲ್ಲಿ ನಿಂತು ಗಾಳ ಹಾಕುವವನ ಲೆಕ್ಕ ಹೇಳುತ್ತೇನೆ.

ಮೇ ಕೊನೆಯಲ್ಲಿ ತೆರೆದ ಕಡಲೂ ಬೇಡ, ಮೇಲಿನ ಸಿಹಿನೀರಿನ ಹೊಳೆಯೂ ಬೇಡ. ಅಳಿವೆಗೆ ಹೋಗಿ. ಹೊಳೆ ಕಡಲಿಗೆ ಸೇರುವ ಬಾಯಿ, ಅಲ್ಲಿಂದ ಒಳಗೆ ಉಪ್ಪುನೀರು ಏರುವಷ್ಟು ದೂರ. ನಿಮ್ಮ ಸಮಯವನ್ನೆಲ್ಲ ಅಲ್ಲೇ ಹಾಕಿ.

ಮೊದಲು ಕಡಲಿನ ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಅರಬ್ಬಿ ಸಮುದ್ರ ವರ್ಷದಲ್ಲೇ ಹೆಚ್ಚು ಬಿಸಿ ಇರುತ್ತದೆ. ಮೇಲ್ಮೈ ನೀರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕೆಲವೊಮ್ಮೆ ಅದಕ್ಕೂ ಮೇಲೆ. ದಡದ ಹತ್ತಿರದ ಮೀನು ತಂಪು ಹುಡುಕಿಕೊಂಡು ಆಳಕ್ಕೆ ಸರಿಯುತ್ತದೆ. ಬೆಳಿಗ್ಗೆ ಭೂಮಿಯ ಕಡೆಯಿಂದ ಗಾಳಿ ಇರುವವರೆಗೆ ನೀರು ಸುಮ್ನೆ ಬಿದ್ದಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯುವ್ಯದಿಂದ ಕಡಲಗಾಳಿ ಎದ್ದರೆ ಮುಗಿಯಿತು, ಎಸೆದ ದಾರ ಮುಖಕ್ಕೇ ವಾಪಸ್ ಬರುತ್ತದೆ. ಇದರ ಮೇಲೆ ಇನ್ನೊಂದು ಕಾಟ ಇದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ಅಲೆಗಳು ಕೆಲವು ದಿನ ಬಿಟ್ಟು ನಮ್ಮ ದಡಕ್ಕೆ ಬರುತ್ತವೆ. ಇಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ, ಆದರೆ ಅಲೆ ಮಾತ್ರ ಉದ್ದಕ್ಕೆ ಬಂದು ಕಲ್ಲಿನ ಮೇಲೆ ಹತ್ತುತ್ತದೆ. ಕೇರಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇಂಕಾಯಿಸ್ (INCOIS) ಸಂಸ್ಥೆ ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಬರುವ ಮೊದಲು ಅದನ್ನು ನೋಡಿ. ಹವಾಮಾನದ ಆ್ಯಪ್‌ನಲ್ಲಿ ಸೂರ್ಯನ ಚಿತ್ರ ಇದೆ ಅಂತ ಬ್ರೇಕ್‌ವಾಟರ್ ಕಲ್ಲಿನ ತುದಿಗೆ ಹೋಗಿ ನಿಲ್ಲಬೇಡಿ.

ಅಳಿವೆಯಲ್ಲಿ ಕತೆ ಪೂರ್ತಿ ಬೇರೆ. ಗಂಗೊಳ್ಳಿ ಹತ್ತಿರ ಸೌಪರ್ಣಿಕಾ, ಚಕ್ರಾ, ವಾರಾಹಿ ಸೇರಿ ಐದು ಹೊಳೆಗಳು ಒಟ್ಟಾಗಿ ಕಡಲಿಗೆ ಇಳಿಯುತ್ತವೆ. ಪಂಚಗಂಗಾವಳಿ ಅನ್ನುವುದು ಇದಕ್ಕೇ. ಮಳೆ ನಿಂತು ತಿಂಗಳುಗಳೇ ಆಗಿರುವುದರಿಂದ ಮೇ ಹೊತ್ತಿಗೆ ಮೇಲಿನಿಂದ ಬರುವ ಸಿಹಿನೀರು ಬಹಳ ಕಡಿಮೆ. ಪ್ರತಿ ಉಬ್ಬರಕ್ಕೂ ಉಪ್ಪುನೀರು ಒಳಗೆ ಒಳಗೆ ಏರುತ್ತದೆ. ಗದ್ದೆಗೆ, ಬಾವಿಗೆ ಉಪ್ಪು ನುಗ್ಗದ ಹಾಗೆ ಊರವರು ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಅದಕ್ಕೇ. ಉಪ್ಪಿನ ಜೊತೆ ಕಡಲಿನ ಮೀನೂ ಒಳಗೆ ಬರುತ್ತದೆ. ಅಂದರೆ ಬೇಸಿಗೆಯ ಕೊನೆಯಲ್ಲಿ ಕಡಲೇ ನಿಮ್ಮ ಹತ್ತಿರ ಬಂದಿರುತ್ತದೆ, ನೀವು ಅಲೆಯ ಮೇಲೆ ಹೋಗುವ ಅಗತ್ಯ ಇಲ್ಲ.

ಒಂದು ಸಣ್ಣ ಗುಟ್ಟು. ಎಲ್ಲ ಹೊಳೆಗಳೂ ಒಂದೇ ಥರ ಉಪ್ಪಾಗುವುದಿಲ್ಲ. ವಾರಾಹಿಗೆ ಮೇಲೆ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದ ನೀರು ಬೇಸಿಗೆಯಲ್ಲೂ ಇಳಿದು ಉಪ್ಪನ್ನು ಹಿಂದಕ್ಕೆ ತಳ್ಳುತ್ತದೆ. ಉತ್ತರಕ್ಕೆ ಹೊನ್ನಾವರದ ಶರಾವತಿಯದ್ದೂ ಇದೇ ಕತೆ, ಅಲ್ಲಿ ಇನ್ನೂ ಜಾಸ್ತಿ. ಅಣೆಕಟ್ಟೇ ಇಲ್ಲದ ಅಘನಾಶಿನಿಯಲ್ಲಿ ಉಪ್ಪು ತನ್ನ ಪಾಡಿಗೆ ಏರಿಳಿಯುತ್ತದೆ. ಕುಮಟಾ ಕಡೆಯ ಗಜನಿ ಗದ್ದೆಗಳು (ಉಪ್ಪುನೀರು ಏರುವ ಹೊಳೆ ಬದಿಯ ಗದ್ದೆಗಳು), ಚಿಪ್ಪಿಕಲ್ಲು, ಸಿಗಡಿ ಎಲ್ಲ ನಿಂತಿರುವುದು ಅದರ ಮೇಲೆ. ನಿಮಗೆ ಒಂದು ದಿನ ಹೆಚ್ಚು ಸಿಕ್ಕರೆ ಅಘನಾಶಿನಿ ಕಡಲು ಸೇರುವ ತದಡಿ ಕಡೆ ಹೋಗಿ ಬನ್ನಿ, ಮೀನು ಸಿಗದಿದ್ದರೂ ಬೇಸರ ಆಗುವುದಿಲ್ಲ.

ಏನು ಸಿಗುತ್ತದೆ? ದೊಡ್ಡ ಆಸೆ ಇದ್ದರೆ ಎರಡು ಹೆಸರು ನೆನಪಿಡಿ, ಕೆಂಬೇರಿ (ರೆಡ್ ಸ್ನ್ಯಾಪರ್) ಮತ್ತು ಕುರುಡಿ. ಹೋಟೆಲಿನಲ್ಲಿ ಸೀಬಾಸ್ ಅಂತ ಕೊಡುವುದು ಈ ಕುರುಡಿಯನ್ನೇ. ಅದು ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆ ಇಡುವುದು ಉಪ್ಪುನೀರಿನಲ್ಲಿ. ಮಳೆಗಾಲ ಹತ್ತಿರ ಬಂದಂತೆ ದೊಡ್ಡ ಮೀನುಗಳು ಬಾಯಿಯ ಕಡೆ ಇಳಿಯುತ್ತವೆ. ಕೆಂಬೇರಿಯದ್ದೂ ಹೆಚ್ಚುಕಡಿಮೆ ಹಾಗೇ. ಮರಿಯಾಗಿದ್ದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಯಲ್ಲಿ, ಸೇತುವೆಯ ಕಂಬದ ಬುಡದಲ್ಲಿ, ಕಲ್ಲಿನ ಎಡೆಯಲ್ಲಿ ಇರುತ್ತದೆ. ಬಲಿತ ಮೇಲೆ ಹೊರಗಿನ ಕಲ್ಲುಗಳಿಗೆ ಹೋಗುತ್ತದೆ. ಎರಡೂ ಕತ್ತಲಾಗುವಾಗ ಮತ್ತು ಬೆಳಕು ಹರಿಯುವಾಗ ಚುರುಕು. ನಡು ಹಗಲಿನ ಬಿಸಿಲಲ್ಲಿ ನಿಂತರೆ ನೀವು ಕಪ್ಪಾಗುತ್ತೀರಿ, ಅಷ್ಟೇ.

ಇವಕ್ಕೆ ಜೀವಂತ ಸಿಗಡಿಗಿಂತ ಒಳ್ಳೆಯ ಎರೆ ನನಗೆ ಗೊತ್ತಿಲ್ಲ. ಬೀಸುಬಲೆ ಹಾಕುವವರನ್ನು ಕೇಳಿದರೆ ಒಂದಿಷ್ಟು ಕೊಡುತ್ತಾರೆ. ಹಣ ಕೊಡಲು ಹೋಗಿ, ಬೇಡ ಅಂದರೂ ಕೊಡಿ. ತಂಗೂಸಿ, ಅಂದರೆ ಗಾಳದ ನೈಲಾನ್ ದಾರ, ಮಾತ್ರ ಕೆರೆಯದ್ದು ನಡೆಯುವುದಿಲ್ಲ. ಕೆಂಬೇರಿ ಕಚ್ಚಿದ ಕೂಡಲೇ ತನ್ನ ಕಲ್ಲಿನ ಸಂದಿಗೆ ನುಗ್ಗುತ್ತದೆ, ಮೊದಲ ಎಳೆತದಲ್ಲೇ ತಡೆಯದಿದ್ದರೆ ದಾರ ಕಲ್ಲಿಗೆ ಉಜ್ಜಿ ಕತ್ತರಿಸಿ ಹೋಗುತ್ತದೆ. ಕುರುಡಿ ಹಾರುತ್ತದೆ, ಅದರ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ. ಗಾಳದ ಹತ್ತಿರದ ಒಂದೆರಡು ಅಡಿಗೆ ದಪ್ಪ ತಂಗೂಸಿ ಕಟ್ಟಿಕೊಳ್ಳಿ. ಪ್ಲಾಸ್ಟಿಕ್ ಲೂರ್ (ನಕಲಿ ಎರೆ) ಇದ್ದರೆ ತನ್ನಿ, ಕುರುಡಿ ಅದಕ್ಕೂ ಬರುತ್ತದೆ. ಆದರೆ ಕಾಂಡ್ಲಾ ಬೇರಿಗೆ ಸಿಕ್ಕಿ ಎಷ್ಟು ಕಳೆದುಕೊಳ್ಳುತ್ತೀರಿ ಅನ್ನುವುದನ್ನು ಮೊದಲೇ ಬಜೆಟ್‌ನಲ್ಲಿ ಇಟ್ಟುಕೊಳ್ಳಿ!

ಈ ಎರಡು ಸಿಗುವುದು ನಿಜಕ್ಕೂ ಅದೃಷ್ಟ. ಮನೆಗೆ ಸಾರು ಆಗಬೇಕು ಅಂದರೆ ಕಾಣೆ (ಲೇಡಿಫಿಶ್) ನೋಡಿ. ಅಳಿವೆಯ ಒಳಗಿನ ಮರಳಿನ ದಿಬ್ಬದ ಅಂಚಿನಲ್ಲಿ, ನೀರು ಏರುವ ಹೊತ್ತಿಗೆ, ಸಣ್ಣ ಗಾಳಕ್ಕೆ ಸಿಗಡಿಯ ಸಣ್ಣ ತುಂಡು ಸಿಕ್ಕಿಸಿ, ಸಣ್ಣ ಸೀಸ ಕಟ್ಟಿ, ತಳದಲ್ಲಿ ನಿಧಾನಕ್ಕೆ ಎಳೆಯುತ್ತಾ ಬನ್ನಿ. ಕೆರೆಯ ಅಭ್ಯಾಸ ಇರುವವರಿಗೆ ಇದೇ ಸುಲಭ. ಜೊತೆಗೆ ಕೇಳದೆಯೇ ತೇಡೆ (ಕ್ಯಾಟ್‌ಫಿಶ್) ಬರುತ್ತದೆ. ಅದರ ಬೆನ್ನಿನ ಮತ್ತು ಪಕ್ಕದ ಮುಳ್ಳು ಚುಚ್ಚಿದರೆ ಕೈ ಉರಿದು ಹೋಗುತ್ತದೆ. ಬಟ್ಟೆ ಅಥವಾ ಇಕ್ಕಳ ಇಲ್ಲದೆ ಗಾಳ ಬಿಡಿಸಬೇಡಿ. ಮುಟ್ಟಿದರೆ ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ಬಂದರೆ ವಾಪಸ್ ಬಿಡಿ, ಅದರಲ್ಲಿ ವಿಷ ಇದೆ, ತಿನ್ನುವ ಯೋಚನೆಯೇ ಬೇಡ.

ಈಗ ಉಬ್ಬರ ಇಳಿತ. ಜಾಗಕ್ಕಿಂತ ಇದು ಮುಖ್ಯ. ನಮ್ಮ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ನೀರಿನ ಓಟ ಜೋರು, ಅಷ್ಟಮಿಯ ಹೊತ್ತಿಗೆ ಮಂದ. ನನ್ನ ಅನುಭವದಲ್ಲಿ ನೀರು ಪೂರ್ತಿ ನಿಂತಾಗ ಮೀನೂ ನಿಲ್ಲುತ್ತದೆ. ಇಳಿತ ಶುರುವಾದ ಮೇಲಿನ ಮೊದಲ ಒಂದೆರಡು ಗಂಟೆ ಚೆನ್ನಾಗಿರುತ್ತದೆ. ಕಾಂಡ್ಲಾ ಒಳಗಿನ ಸಣ್ಣ ತೋಡುಗಳಿಂದ ಸಿಗಡಿ, ಮರಿಮೀನು ಎಲ್ಲ ದೊಡ್ಡ ಹೊಳೆಗೆ ಇಳಿಯುತ್ತವೆ. ದೊಡ್ಡ ಮೀನು ತೋಡಿನ ಬಾಯಲ್ಲಿ ಕಾದಿರುತ್ತದೆ. ನೀವೂ ಅಲ್ಲೇ ಕಾಯಿರಿ. ಮೊಬೈಲಿನಲ್ಲಿ ನೋಡುವ ಸಮಯ ಬಂದರಿನ ಲೆಕ್ಕ. ಹೊಳೆಯ ಒಳಗೆ ಹೋದಷ್ಟೂ ತಡವಾಗುತ್ತದೆ.

ಇಷ್ಟು ಹೇಳಿದ್ದೆಲ್ಲ ಮಳೆ ಬಾರದಿದ್ದರೆ ಮಾತ್ರ. ಕರ್ನಾಟಕ ಕರಾವಳಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರ. ಆದರೆ 2025ರಲ್ಲಿ ಮೇ 24ಕ್ಕೇ ಕೇರಳಕ್ಕೆ ಬಂತು, ನಮಗೂ ಹಿಂದೆಯೇ ಬಂತು. 2021ರ ಮೇ ನಡುವಿನಲ್ಲಿ ತೌಕ್ತೆ ಚಂಡಮಾರುತ ಇದೇ ಕರಾವಳಿಯ ಪಕ್ಕದಲ್ಲಿ ಹಾದುಹೋಗಿ ದಡವನ್ನೇ ಕೊಚ್ಚಿಹಾಕಿತ್ತು. ಘಟ್ಟದಲ್ಲಿ ಜೋರು ಮಳೆ ಬಿದ್ದರೆ ಹೊಳೆಯಲ್ಲಿ ಕೆಂಪು ನೀರು ಇಳಿಯುತ್ತದೆ, ಉಪ್ಪನ್ನು ಹೊರಗೆ ತಳ್ಳುತ್ತದೆ. ಆಗ ಒಳಗಿನ ಜಾಗಗಳನ್ನು ಬಿಟ್ಟು ಅಳಿವೆಯ ಬಾಯಿಗೇ ಬರಬೇಕು, ಕೆಂಪು ನೀರು ಮತ್ತು ತಿಳಿ ನೀರು ಸೇರುವ ಗೆರೆಯಲ್ಲಿ ಹಾಕಬೇಕು. ಅದೂ ಕಡಲು ಬಿಟ್ಟರೆ. ಬಿಡದಿದ್ದರೆ ರೂಮಿನಲ್ಲಿ ಕೂತು ಮೀನೂಟ ಮಾಡಿ, ಅದೇನು ಕಡಿಮೆ ಸುಖವಲ್ಲ.

ಬೋಟಿನಲ್ಲಿ ಹೋಗಬಹುದಾ ಅಂತಲೂ ಕೇಳಿದ್ದೀರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಹತ್ತು ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ವಿನಾಯಿತಿ. ಬಂಗುಡೆ, ಬೂತಾಯಿಯಂಥವು ಮೊಟ್ಟೆ ಇಡುವ ಕಾಲ ಅದು. ಮೇ ಕೊನೆಯ ವಾರ ಅಂದರೆ ಟ್ರಾಲ್‌ಬೋಟು, ಪರ್ಸೀನ್‌ಬೋಟುಗಳೆಲ್ಲ ಒಂದೊಂದಾಗಿ ಬಂದರಿಗೆ ಸೇರಿ ಬಲೆ ಇಳಿಸುವ ಹೊತ್ತು. ಯಾರಿಗೂ ನಿಮ್ಮನ್ನು ಕರೆದೊಯ್ಯಲು ಪುರುಸೊತ್ತಿಲ್ಲ. ಗುರುತಿಲ್ಲದ ಯಾರೋ ಸಣ್ಣ ದೋಣಿಯಲ್ಲಿ ಅಳಿವೆ ದಾಟಿಸುತ್ತೇನೆ ಅಂದರೆ ಒಪ್ಪಬೇಡಿ. ಬಾಯಿಯಲ್ಲಿ ಮರಳಿನ ದಿಬ್ಬದ ಮೇಲೆ ಅಲೆ ಒಡೆಯುವ ಜಾಗವೇ ಅತಿ ಅಪಾಯದ್ದು. ಹುಟ್ಟಿನಿಂದ ಅಲ್ಲೇ ಇರುವವರ ದೋಣಿಗಳೂ ಅಲ್ಲಿ ಮಗುಚುತ್ತವೆ.

ಇನ್ನೂ ಎರಡು ಎಚ್ಚರಿಕೆ. ಮೇ ತಿಂಗಳ ಸಂಜೆ ಸಿಡಿಲಿನ ಕಾಲ. ಗುಡುಗು ಕೇಳಿದ ಕೂಡಲೇ ರಾಡ್ ಕೆಳಗಿಟ್ಟು ಒಳಗೆ ಹೋಗಿ. ಕಾರ್ಬನ್ ರಾಡಿಗೆ ವಿದ್ಯುತ್ ಹರಿಯುತ್ತದೆ, ಬಯಲಿನಲ್ಲಿ ಅದನ್ನು ಎತ್ತಿ ಹಿಡಿದು ನಿಂತರೆ ಸಿಡಿಲನ್ನು ಕರೆದ ಹಾಗೆ. ಎರಡನೆಯದು, ಮೊಣಕಾಲುದ್ದ ನೀರಿನಲ್ಲಿ ನಡೆಯುವಾಗ ಕಾಲು ಎತ್ತಿ ಇಡಬೇಡಿ, ತಳಕ್ಕೆ ಉಜ್ಜುತ್ತಾ ನಡೆಯಿರಿ. ಮರಳಿನಲ್ಲಿ ಹುದುಗಿರುವ ತೊರಕೆ (ಸ್ಟಿಂಗ್‌ರೇ) ಸದ್ದಿಗೆ ಸರಿದು ಹೋಗುತ್ತದೆ. ತುಳಿದರೆ ಬಾಲದ ಮುಳ್ಳಿನಿಂದ ಹೊಡೆಯುತ್ತದೆ. ಹಾಗೇನಾದರೂ ಆದರೆ ತಡೆಯುವಷ್ಟು ಬಿಸಿ ಇರುವ ನೀರಿನಲ್ಲಿ ಕಾಲಿಟ್ಟುಕೊಂಡರೆ ನೋವು ಇಳಿಯುತ್ತದೆ, ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು.

ಕೊನೆಗೆ ಘಟ್ಟದ ಮೇಲಿನ ಹೊಳೆ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಮೇ ಕೊನೆಯಲ್ಲಿ ಮಲೆನಾಡಿನ ಎಷ್ಟೋ ಹೊಳೆಗಳು ಹರಿಯುವುದು ನಿಂತು ಮಡುಗಳಾಗಿ ಒಡೆದಿರುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಇಡೀ ಹೊಳೆಯ ಮೀನು ಆ ಒಂದು ಮಡುವಿನಲ್ಲಿ ಉಸಿರು ಹಿಡಿದುಕೊಂಡು ಮಳೆಗೆ ಕಾಯುತ್ತಿರುತ್ತದೆ. ಗಾಳ ಹಾಕಿದರೆ ಸಿಗುತ್ತದೆ, ಸಿಗದೇ ಎಲ್ಲಿ ಹೋಗುತ್ತದೆ? ಆದರೆ ಅಲ್ಲಿ ಉಳಿದ ಮೀನೇ ಮುಂದಿನ ವರ್ಷದ ಬೀಜ. ಆ ಬಿಸಿ ನೀರಿನಲ್ಲಿ ಹಿಡಿದು ವಾಪಸ್ ಬಿಟ್ಟರೂ ಬಳಲಿದ ಮೀನು ಬದುಕುತ್ತದೆ ಅನ್ನುವ ಧೈರ್ಯ ನನಗಿಲ್ಲ. ನಾನಂತೂ ಹಾಕುವುದಿಲ್ಲ. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಗದ್ದೆಗೆ, ತೋಡಿಗೆ ಹತ್ತುವ ಹತ್ತುಮೀನಿನದ್ದೂ ಇದೇ ಮಾತು. ಮಲೆನಾಡಿನವರಿಗೆ ಅದು ಹಬ್ಬ, ಒಪ್ಪುತ್ತೇನೆ, ನನ್ನ ನೆಂಟರೇ ಟಾರ್ಚ್ ಹಿಡಿದು ಹೋಗುತ್ತಾರೆ. ಆದರೆ ಹತ್ತುವುದೆಲ್ಲ ಮೊಟ್ಟೆ ತುಂಬಿದ ಮೀನು. ಹೊರಗಿನಿಂದ ಬಂದವರು ಅದಕ್ಕೆ ಕೈ ಹಾಕದಿದ್ದರೆ ಒಳ್ಳೆಯದು.

ನಿಮಗೆ ಗೊತ್ತಿರಲಿ, ಶೃಂಗೇರಿಯ ತುಂಗೆಯಲ್ಲಿ, ಬೆಳ್ತಂಗಡಿಯ ಶಿಶಿಲದ ಕಪಿಲೆಯಲ್ಲಿ ಕಾಣುವ ದೊಡ್ಡ ಮಹಶೀರ್‌ಗಳು ದೇವರ ಮೀನುಗಳು, ಹಿಡಿಯುವ ಹಾಗಿಲ್ಲ. ಅಕ್ಕಿ, ಮಂಡಕ್ಕಿ ಹಾಕಿ ನೋಡಿ ಬನ್ನಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಎತ್ತಿದ ಕತೆ ಕೇಳಿ ಕೆಲವರು ಕಾವೇರಿಗೆ ರಾಡ್ ಹಿಡಿದು ಹೊರಡುತ್ತಾರೆ. ಆ ಜಾತಿಯ ಡುಬ್ಬದ ಮಹಶೀರ್ ಈಗ ಅಳಿವಿನ ತೀರಾ ಅಂಚಿನಲ್ಲಿದೆ, ವನ್ಯಧಾಮದ ಒಳಗೆ ಗಾಳ ಹಾಕುವುದು ಅಪರಾಧವೂ ಹೌದು.

ದಾರಿಯಲ್ಲಿ ಮೀನು ನೋಡಲೇಬೇಕು ಅನ್ನಿಸಿದರೆ ಸಾಗರ, ಸೊರಬದ ಕಡೆಯಿಂದ ಹೋಗಿ. ಬೇಸಿಗೆಯಲ್ಲಿ ಕೆರೆಯ ನೀರು ತಳಕ್ಕೆ ಬಂದಾಗ ಊರವರು ಕೆರೆಬೇಟೆ ಮಾಡುತ್ತಾರೆ. ಬಿದಿರಿನ ಕೂಣಿ (ಮೀನು ಹಿಡಿಯುವ ಬುಟ್ಟಿ) ಹಿಡಿದು ನೂರಾರು ಜನ ಒಟ್ಟಿಗೆ ಕೆಸರಿಗೆ ಇಳಿಯುತ್ತಾರೆ. ಆ ನೀರು ಹೇಗೂ ಒಣಗುವುದೇ, ಹಾಗಾಗಿ ಅಲ್ಲಿ ನನ್ನ ತಕರಾರಿಲ್ಲ. ಮೇ ಕೊನೆಗೆ ಬಹುಪಾಲು ಮುಗಿದಿರುತ್ತದೆ, ಆದರೆ ಮಳೆ ತಡವಾದ ವರ್ಷ ಒಂದೆರಡು ಉಳಿದಿರಬಹುದು. ಸಾಗರದ ಪೇಟೆಯಲ್ಲಿ ಚಹಾ ಕುಡಿಯುತ್ತಾ ಕೇಳಿದರೆ ಯಾವ ಊರಿನಲ್ಲಿ ಯಾವತ್ತು ಅಂತ ಹೇಳುತ್ತಾರೆ.

ನಿಮ್ಮ ತಾರೀಕು ಗಟ್ಟಿಯಾದ ಮೇಲೆ ಇಲ್ಲೇ ಬರೆಯಿರಿ. ಆ ದಿನಗಳ ತಿಥಿ ನೋಡಿ ಬೆಳಿಗ್ಗೆಯ ನೀರು ಒಳ್ಳೆಯದೋ ಸಂಜೆಯದೋ ಹೇಳುತ್ತೇನೆ.