ಬೀದರಿನ ಲೋಹಗಾರಿಕೆ ಮತ್ತು ಪತ್ರಾಸ್ ಶೆಡ್ಡುಗಳು: ಪ್ರತಿಕ್ರಿಯೆ

ಬೀದರಿನಲ್ಲಿ ಲೋಹಗಾರಿಕೆಯ ಯಾವ ಕುರುಹುಗಳು ಉಳಿದಿವೆ, ಪತ್ರಾಸ್ (ಅಲೆಯಾಕಾರದ ಕಬ್ಬಿಣದ ತಗಡು) ಹೊದಿಸಿದ ಶೆಡ್ಡುಗಳನ್ನೂ ಪರಂಪರೆಯೆಂದು ಎಣಿಸಬಹುದೇ ಎಂದು ತಾವು ಕೇಳಿದ್ದೀರಿ. ಮೊದಲು ಕೋಟೆಯ ಬುರುಜುಗಳ ಮೇಲಿನ ತೋಪುಗಳನ್ನು ನೋಡಿರಿ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಅವುಗಳ ಮೇಲೆ ಕಾದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸಿ ಬಡಿದು ಬೆಸೆದದ್ದು ಕೆಲವು ತೋಪುಗಳ ಮೈಮೇಲೆ ಇಂದಿಗೂ ಎದ್ದು ಕಾಣುತ್ತದೆ.

ಆದರೆ ಜೀವಂತವಾಗಿ ಉಳಿದಿರುವುದು ಬಿದರಿ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿದ ಮೈಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ದ್ರಾವಣ ತಾಗಿದಾಗ ಸತುವಿನ ಮೈ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಬಿದರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು.

ಪತ್ರಾಸಿನ ವಿಷಯದಲ್ಲಿ ನನ್ನ ಉತ್ತರ ಹೌದು. ಅಲೆಯಾಕಾರದ ತಗಡಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತದ್ದು 1829ರಲ್ಲಿ. ಅದನ್ನು ತುಕ್ಕಿನಿಂದ ಕಾಯುವ ಲೇಪನವೂ (ಸೋಜಿಗವೆನಿಸಬಹುದು) ಬಿದರಿಯ ಅದೇ ಸತುವೇ. ತಾವು ಇಂಥ ಶೆಡ್ಡುಗಳನ್ನು ದಾಖಲಿಸುವುದಾದರೆ ಕುಲುಮೆಯ ಜಾಗ, ಹೊಗೆಗಿಂಡಿ, ತಗಡಿನ ಮೇಲೆ ಉಳಿದಿರುವ ಕಾರ್ಖಾನೆಯ ಮುದ್ರೆ ಇವುಗಳ ಚಿತ್ರ ತೆಗೆದುಕೊಳ್ಳಿರಿ.