ಅಜ್ಜನ ರೇಡಿಯೊದಲ್ಲಿ ಚಿತ್ರದುರ್ಗ ಯಾಕೆ ಬರಲ್ಲ

ದಾವಣಗೆರೆಯ ಮನೆಯಲ್ಲಿ ಅಜ್ಜನ ಹಳೇ ರೇಡಿಯೊಗೆ ಚಿತ್ರದುರ್ಗ ಆಕಾಶವಾಣಿ ಯಾಕೆ ಸಿಗಲ್ಲ ಎಂದು ಕೇಳಿದ್ದೀರಿ. ಸೆಟ್ ಕೆಟ್ಟಿಲ್ಲ, ಅದರಲ್ಲಿ ಎಫ್‌ಎಂ ಬ್ಯಾಂಡೇ ಇಲ್ಲದಿರಬೇಕು. ಡಯಲ್ ಮೇಲೆ 550ರಿಂದ 1600 ಅಂತಿದೆ ಎಂದಿರಿ, ಅದು ಮೀಡಿಯಂ ವೇವ್, ಎಫ್‌ಎಂ ಅಲ್ಲದ ಬೇರೆ ಬ್ಯಾಂಡ್. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿಯದು 675 ಕಿಲೋಹರ್ಟ್ಸ್, ಹಾಗಾಗಿ ಆ ಕಾಲದ ಸೆಟ್‌ಗೆ ಸಿಗುತ್ತಿತ್ತು. ಚಿತ್ರದುರ್ಗ ಆಮೇಲೆ ಬಂದ ಸ್ಥಳೀಯ ಕೇಂದ್ರ, ಎಫ್‌ಎಂ 102.6 ಮೆಗಾಹರ್ಟ್ಸ್. ಹಳೇ ಸೆಟ್ ಬಿಚ್ಚಿಸಿ ದುಡ್ಡು ಸುರಿಯಬೇಡಿ.

ಸೆಲ್ ಹಾಕುವ ಸಾದಾ ಎಫ್‌ಎಂ ಸೆಟ್ ತಗೊಂಡು ಮೊದಲು ತಾರಸಿ ಮೇಲೆ ಹಚ್ಚಿ ನೋಡಿ. ಚಿತ್ರದುರ್ಗದಿಂದ ದಾವಣಗೆರೆಗೆ ನೇರ ದೂರವೇ ಸುಮಾರು 58 ಕಿ.ಮೀ., ಎಫ್‌ಎಂ ತಲುಪುವುದಕ್ಕೆ ಅದು ಅಂಚು. ಆರ್‌ಸಿಸಿ ಮನೆಯೊಳಗೆ ಬರೀ ಕೊರಕೊರ ಬಂದೀತು. ತಾರಸಿಯಲ್ಲಿ ಸಣ್ಣಗಾದರೂ ಕೇಳಿದರೆ, ಎರಡೆಳೆ ವೈರ್‌ನ ತುದಿಯನ್ನು 70 ಸೆಂ.ಮೀ. ಸೀಳಿ, ‘ಟಿ’ ಆಕಾರದಲ್ಲಿ ಬಿದಿರು ಗಳಕ್ಕೆ ಕಟ್ಟಿ. ಅದರ ಅಗಲ ಚಿತ್ರದುರ್ಗವಿರುವ ಆಗ್ನೇಯಕ್ಕೆ ಮುಖ ಮಾಡಿರಲಿ, ತುದಿಯಲ್ಲ. ವೈರ್‌ನ ಕೆಳತುದಿಯ ಒಂದು ಎಳೆ ಸೆಟ್‌ನ ಏರಿಯಲ್‌ಗೆ, ಇನ್ನೊಂದು ಸೆಲ್‌ನ ಮೈನಸ್‌ಗೆ. (ಕರೆಂಟಿನ ಹಳೇ ವಾಲ್ವ್ ಸೆಟ್‌ಗೆ ಈ ಪ್ರಯೋಗ ಬೇಡವೇ ಬೇಡ, ಷಾಕ್ ಹೊಡೆದೀತು.) ವೈರ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ, ಎರಡು ಮೂರು ಮೀಟರ್ ಸಾಕು. ಅಡ್ಡ ಕಟ್ಟಿದ್ದು ಆಗದಿದ್ದರೆ ಲಂಬವಾಗಿ ನಿಲ್ಲಿಸಿ. ಪಕ್ಕದಲ್ಲಿ ಎತ್ತರದ ಕಟ್ಟಡವಿದ್ದರೆ ಇದೂ ಕೈಕೊಡಬಹುದು. ಆಗ ಗಳ ಇನ್ನಷ್ಟು ಎತ್ತರಿಸಿ.